ನಾದಕ್ಕೊಂದು ಛಾವಣಿ

ಮನೆ ಕಟ್ಟಿಸುವಾಗ ನೆಲಕ್ಕೆ ಯಾವ ಫರಸಿ, ಗೋಡೆಗೆ ಯಾವ ಬಣ್ಣ, ತಲೆಬಾಗಿಲಿಗೆ ಯಾವ ಕಟ್ಟಿಗೆ ಎಂದು ನಾವೆಲ್ಲ ತಿಂಗಳುಗಟ್ಟಲೆ ವಿಚಾರ ಮಾಡುತ್ತೇವೆ. ಛಾವಣಿಯ ಮಾತು ಬಂದಾಗ ಮಾತ್ರ ಸೋರದಿದ್ದರೆ ಸಾಕೆಂದು ಸುಮ್ಮನಾಗುತ್ತೇವೆ. ನೋಡುವ ಕಣ್ಣಿಗೆ ಛಾವಣಿ ಕೊನೆಯದು. ಕೇಳುವ ಕಿವಿಗೆ ಅದೇ ಮೊದಲನೆಯದು. ಗೋಡೆಯ ಮುಂದೆ ಕಪಾಟು ನಿಲ್ಲುತ್ತದೆ, ಪರದೆ ಇಳಿಯುತ್ತದೆ, ನೆಲದ ಮೇಲೆ ಜಮಖಾನೆ ಹಾಸುತ್ತೇವೆ, ಗಾದಿ ಇಡುತ್ತೇವೆ. ಛಾವಣಿಯೊಂದೇ ಕಟ್ಟಿದ ದಿನದಿಂದ ಬರಿಮೈಯಲ್ಲಿ ಉಳಿಯುತ್ತದೆ. ಕೋಣೆಯಲ್ಲಿ ಆಡಿದ ಪ್ರತಿಯೊಂದು ಮಾತೂ ಅದಕ್ಕೆ ಬಡಿದು ಕೆಳಗಿಳಿಯುತ್ತದೆ.

ಬೈಲಹೊಂಗಲದ ನಮ್ಮ ಹಿರಿಯರ ಮನೆಯ ಕೆಳಗೆ ಒಂದು ನೆಲಮನೆ ಇದೆ. ಅಜ್ಜನವರ ಕಾಲದಲ್ಲಿ ಅಲ್ಲಿ ಅರಳೆ, ಜೋಳ, ಕಡಲೆಗಳನ್ನು ತುಂಬುತ್ತಿದ್ದರು. ನಮ್ಮ ಸೀಮೆಯ ಎರೆನೆಲದಲ್ಲಿ ನೆಲದಡಿಯ ಕೋಣೆ ಕಟ್ಟುವುದು ಸುಲಭದ ಕೆಲಸವಲ್ಲ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಕಟ್ಟಿದ ಗೋಡೆಯನ್ನು ಹೀಗೂ ಹಾಗೂ ತಳ್ಳುತ್ತದೆ. ಹಿರಿಯರು ಗಟ್ಟಿನೆಲ ಸಿಗುವವರೆಗೆ ಅಗೆಯಿಸಿ ದಪ್ಪ ಕಲ್ಲಿನ ಗೋಡೆ ಎಬ್ಬಿಸಿದ್ದರಿಂದ ಕೋಣೆ ಇಂದಿಗೂ ಬೆಚ್ಚಗೆ, ಒಣಗಿ ನಿಂತಿದೆ. ಕಾಳುಕಡಿ ಪೇಟೆಯ ಉಗ್ರಾಣಗಳಿಗೆ ಹೋದ ಮೇಲೆ ಅದು ಖಾಲಿಯಾಯಿತು. ವಚನಗಾಯನ, ಪ್ರವಚನಗಳ ಹಳೆಯ ಕ್ಯಾಸೆಟ್ಟುಗಳನ್ನು ಕೇಳುವುದಕ್ಕೆ, ಮಕ್ಕಳು ಚಲನಚಿತ್ರ ನೋಡುವುದಕ್ಕೆ, ಶ್ರಾವಣದಲ್ಲಿ ಓಣಿಯ ಹತ್ತಾರು ಜನ ಕುಳಿತು ಚಿಂತನೆ ಮಾಡುವುದಕ್ಕೆ ಅದನ್ನೇ ಸಜ್ಜುಗೊಳಿಸೋಣವೆಂದು ಮನೆಯವರೆಲ್ಲ ಕೂಡಿ ನಿರ್ಧರಿಸಿದೆವು.

ಆದರೆ ಇಷ್ಟಕ್ಕೆಲ್ಲ ನಿಜವಾದ ಕಾರಣ ನಮ್ಮ ಅಪ್ಪನವರು. ಎಂಬತ್ತು ದಾಟಿದವರು, ಶಿಕ್ಷಕರಾಗಿ ನಿವೃತ್ತರಾದವರು. 1950ರಲ್ಲಿ ಧಾರವಾಡದ ಆಕಾಶವಾಣಿ ಕೇಂದ್ರ ಆರಂಭವಾದಾಗ ಅವರಿನ್ನೂ ಎಳೆಯ ಮಗು. ಬುದ್ಧಿ ಬಂದಾಗಿನಿಂದ ಮಾತ್ರ ಆ ಕೇಂದ್ರದ ಸಂಗೀತವನ್ನೇ ಉಂಡು ಬೆಳೆದವರು. ಮಲ್ಲಿಕಾರ್ಜುನ ಮನಸೂರರ ವಚನಗಾಯನವೆಂದರೆ ಅವರಿಗೆ ಊಟಕ್ಕಿಂತ ಹೆಚ್ಚು. 1992ರಲ್ಲಿ ಮನಸೂರರು ಲಿಂಗೈಕ್ಯರಾದ ದಿನ ಮನೆಯಲ್ಲಿ ಒಲೆ ಹೊತ್ತಿಸಗೊಡಲಿಲ್ಲ. ಅಂಥವರ ಕಿವಿ ಈಚೆಗೆ ಮಂದವಾಯಿತು. ಶ್ರವಣಯಂತ್ರ ಕೊಡಿಸಿದೆವು. ಅದನ್ನು ಹಾಕಿಕೊಂಡು ಊರಿನ ಒಂದು ದೊಡ್ಡ ಸಭಾಭವನದ ಕಾರ್ಯಕ್ರಮಕ್ಕೆ ಹೋಗಿ ಬಂದ ಅಪ್ಪನವರು, "ಕೇಳಸಾಕತ್ತೈತಿ, ತಿಳಿವಲ್ತು" ಎಂದು ಹೇಳಿ ಯಂತ್ರವನ್ನು ತೆಗೆದು ಡಬ್ಬಿಯಲ್ಲಿಟ್ಟರು. ಮುಂದೆ ಯಾರು ಮಾತನಾಡಿದರೂ ತಲೆದೂಗುವುದು, ನಗುವುದು ಇಷ್ಟೇ ಆಯಿತು. ತಲೆದೂಗುವ ಮನುಷ್ಯನಿಗೆ ಮಾತು ತಿಳಿಯುತ್ತಿಲ್ಲವೆಂಬುದು ಮನೆಯವರಿಗೆ ಗೊತ್ತಾಗದೆ ಹೋದೀತೇ?

ಕೇಳಿಸುವುದು ಬೇರೆ, ತಿಳಿಯುವುದು ಬೇರೆ ಎಂಬ ಆ ಮಾತಿನಲ್ಲಿ ಶಾಸ್ತ್ರವಿದೆ. ನಮ್ಮ ಮಾತಿನಲ್ಲಿ ಸ್ವರಗಳು ಗಟ್ಟಿ, ದೀರ್ಘ. ವ್ಯಂಜನಗಳು ಮೆಲು, ಕ್ಷಣಿಕ. ಕಲ್ಲು ಸಿಮೆಂಟುಗಳ ಬರಿಗೋಣೆಯಲ್ಲಿ ಒಂದು ಅಕ್ಷರದ ಸ್ವರವು ಬಹಳ ಹೊತ್ತು ಅನುರಣಿಸುತ್ತ ನಿಂತು ಮುಂದಿನ ಅಕ್ಷರದ ವ್ಯಂಜನವನ್ನು ಮುಚ್ಚಿಬಿಡುತ್ತದೆ. 'ತಲೆ' ಎಂದದ್ದೋ 'ಕಲೆ' ಎಂದದ್ದೋ ತಿಳಿಯದು. ಹರೆಯದ ಕಿವಿ ಸಂದರ್ಭದಿಂದ ಊಹಿಸಿ ತುಂಬಿಕೊಳ್ಳುತ್ತದೆ. ಮುಪ್ಪಿನ ಕಿವಿಗೆ ಆ ಶಕ್ತಿ ಕುಂದಿರುತ್ತದೆ. ಶ್ರವಣಯಂತ್ರವು ಮಾತನ್ನು ಹಿಗ್ಗಿಸುವಂತೆ ಕೋಣೆಯ ಗದ್ದಲವನ್ನೂ ಹಿಗ್ಗಿಸುತ್ತದೆ. ಧ್ವನಿವರ್ಧಕವನ್ನು ಎಷ್ಟು ಏರಿಸಿದರೂ ಅನುರಣನವೂ ಅಷ್ಟೇ ಏರುವುದರಿಂದ ಲಾಭವಿಲ್ಲ. ಅದರಲ್ಲಿಯೂ ವಚನವು ಪ್ರಾಸಕ್ಕೆ ಕಟ್ಟುಬಿದ್ದ ಪದ್ಯವಲ್ಲ. ಒಂದು ಶಬ್ದ ತಪ್ಪಿದರೆ ಮುಂದಿನದನ್ನು ಪ್ರಾಸದಿಂದ ಹಿಡಿಯಲಾಗದು. ಇಂಥವರ ಪಾಲಿಗೆ ರಿಪೇರಿಯಾಗಬೇಕಾದದ್ದು ಕಿವಿಗಿಂತ ಮೊದಲು ಕೋಣೆ.

ಕೋಣೆಯ ಅನುರಣನವನ್ನು ಲೆಕ್ಕಕ್ಕೆ ತಂದವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವ್ಯಾಲೇಸ್ ಸಬೈನ್. 1895ರಲ್ಲಿ ಅಲ್ಲಿಯ ಫಾಗ್ ಕಲಾಸಂಗ್ರಹಾಲಯದ ಉಪನ್ಯಾಸ ಮಂದಿರದಲ್ಲಿ ಮಾತು ತಿಳಿಯುವುದಿಲ್ಲವೆಂಬ ದೂರು ಬಂದಾಗ ಆ ತರುಣ ಅಧ್ಯಾಪಕನಿಗೆ ಅದನ್ನು ಸರಿಪಡಿಸುವ ಹೊಣೆ ಬಂತು. ಆತ ಮಾಡಿದ್ದೇನು? ಹತ್ತಿರದ ನಾಟಕಗೃಹದ ಆಸನಗಳ ಮೆತ್ತೆಗಳನ್ನು ರಾತ್ರಿಯ ನಿಶ್ಶಬ್ದದಲ್ಲಿ ಹೊತ್ತು ತಂದು ಸಾಲಾಗಿ ಹಾಸುತ್ತ, ಎಷ್ಟು ಮೆತ್ತೆಗೆ ಎಷ್ಟು ಕ್ಷಣ ದನಿ ಕಡಿಮೆಯಾಯಿತೆಂದು ಅಳೆಯುತ್ತ ಹೋದ. ಬೆಳಗಾಗುವುದರೊಳಗೆ ಮರಳಿ ಒಯ್ದಿಡಬೇಕಾಗಿತ್ತು. ಗಾದಿಯ ಮಹಿಮೆಯನ್ನು ನಮ್ಮ ಮನೆಗಳು ಬಲ್ಲವಾದರೂ ಅದನ್ನು ಸೂತ್ರಕ್ಕೆ ತಂದ ಶ್ರೇಯಸ್ಸು ಆತನದು. ಅಡಿಗಳ ಲೆಕ್ಕದಲ್ಲಿ ಹೇಳುವುದಾದರೆ, ಕೋಣೆಯ ಘನ ಅಡಿಗಳನ್ನು 0.049ರಿಂದ ಗುಣಿಸಿ, ಕೋಣೆಯಲ್ಲಿ ದನಿಯನ್ನು ಹೀರುವ ಒಟ್ಟು ಚದರಡಿಗಳಿಂದ ಭಾಗಿಸಿದರೆ ದನಿ ಅಡಗಲು ಹಿಡಿಯುವ ಸೆಕೆಂಡುಗಳು ಬರುತ್ತವೆ.

ನಮ್ಮ ನೆಲಮನೆ 18 ಅಡಿ ಉದ್ದ, 12 ಅಡಿ ಅಗಲ, 9 ಅಡಿ ಎತ್ತರ; ಅಂದರೆ 1944 ಘನ ಅಡಿ. ನೆಲ, ಗೋಡೆ, ಛಾವಣಿ ಎಲ್ಲ ಕೂಡಿ 972 ಚದರಡಿ. ಕಲ್ಲು, ಗಿಲಾವುಗಳು ತಮ್ಮ ಮೇಲೆ ಬಿದ್ದ ದನಿಯಲ್ಲಿ ನೂರಕ್ಕೆ ಎರಡು ಮೂರು ಪಾಲಷ್ಟೇ ಹೀರುತ್ತವೆ. ಆದ್ದರಿಂದ ಖಾಲಿ ಕೋಣೆಯ ಹೀರುವಿಕೆ ಸುಮಾರು 24 ಚದರಡಿ, ಅನುರಣನ ನಾಲ್ಕು ಸೆಕೆಂಡಿನ ಆಸುಪಾಸು. ಮಾತು ತಿಳಿಯಬೇಕಾದರೆ ಇಂಥ ಚಿಕ್ಕ ಕೋಣೆಯಲ್ಲಿ ಅದು ಅರ್ಧ ಸೆಕೆಂಡಿನೊಳಗೆ ಬರಬೇಕು. ಅದಕ್ಕೆ 190 ಚದರಡಿಗಿಂತ ಹೆಚ್ಚು ಹೀರುವಿಕೆ ಬೇಕು. ಹತ್ತು ಜನ ಕುಳಿತರೆ ಅವರ ಮೈಬಟ್ಟೆಗಳಿಂದ ನಲವತ್ತೈದರಷ್ಟು, ಜಮಖಾನೆ ಗಾದಿಗಳಿಂದ ಮೂವತ್ತರಷ್ಟು ಸಿಕ್ಕೀತು. ಉಳಿದದ್ದನ್ನು ಎಲ್ಲಿಂದ ತರುವುದು? ಲೆಕ್ಕ ಮತ್ತೆ ಛಾವಣಿಯನ್ನೇ ತೋರಿಸಿತು.

ಈ ಕಾಲದಲ್ಲಿ ನಾಲ್ಕು ಕಡೆ ಹೋಗಿ ಮೇಲೆ ನೋಡುವುದೇ ನಮ್ಮ ಕೆಲಸವಾಯಿತು. ಸವದತ್ತಿಯಲ್ಲಿ ನಮ್ಮ ಬೀಗರದೊಂದು ಹಳೆಯ ಮಾಳಿಗೆಮನೆ ಇದೆ. ತೊಲೆ, ಅದರ ಮೇಲೆ ಜಂತಿ, ಅದರ ಮೇಲೆ ಸೀಳಿದ ಕಟ್ಟಿಗೆ, ಅದರ ಮೇಲೆ ಮೊಳದಷ್ಟು ಮಣ್ಣು. ಪಡಸಾಲೆಯ ಒಂದು ಮೂಲೆಯಲ್ಲಿ ಅಜ್ಜಿ ಮೆಲ್ಲಗೆ ಆಡಿದ ಮಾತು ಇನ್ನೊಂದು ಮೂಲೆಗೆ ಬಿಡಿಬಿಡಿಯಾಗಿ ತಲುಪುತ್ತದೆ. ಮೇಲಿನ ಮಣ್ಣಿನ ಭಾರ ಹೊರಗಿನ ಸದ್ದನ್ನು ತಡೆಯುತ್ತದೆ, ಏರಿಳಿದ ತೊಲೆ ಜಂತಿಗಳು ದನಿಯನ್ನು ಒಡೆದು ಚೆದುರಿಸುತ್ತವೆ, ಮಣ್ಣುಗೋಡೆ, ಕಾಳಿನ ಚೀಲ, ಗಳದ ಮೇಲಿನ ಕೌದಿಗಳು ಉಳಿದದ್ದನ್ನು ಹೀರುತ್ತವೆ. ಅದೇ ಓಣಿಯಲ್ಲಿ ಹಳೆಯ ಮಾಳಿಗೆ ಕೆಡವಿ ಸ್ಲ್ಯಾಬು ಹಾಕಿಸಿದ ಮನೆಯಲ್ಲಿ ಟೀವಿ ಹಚ್ಚಿದರೆ ಒಬ್ಬರ ಮಾತು ಒಬ್ಬರಿಗೆ ತಿಳಿಯುವುದಿಲ್ಲ. ಹಳೆಯದೆಲ್ಲ ಒಳ್ಳೆಯದೆಂದು ನಾವು ಹೇಳುತ್ತಿಲ್ಲ. ಮಾಳಿಗೆಯ ಸೋರುವಿಕೆ, ಇಲಿ, ಚೇಳುಗಳ ಕಾಟವನ್ನು ಉಂಡವರೇ ಬಲ್ಲರು.

ಕಿತ್ತೂರಿಗೆ ಹೋದವರು ಕೋಟೆಯನ್ನು ನೋಡಿ ಮರಳುತ್ತಾರೆ. ಸಮೀಪದ ದೇಗಾಂವಿಯಲ್ಲಿ ಗೋವೆಯ ಕದಂಬರ ಕಾಲದ, 12ನೆಯ ಶತಮಾನದ ಕಮಲನಾರಾಯಣ ದೇವಾಲಯವಿದೆ. ಅದರ ಛಾವಣಿಯ ಒಳಮೈಯಲ್ಲಿ ಕಲ್ಲಿನ ಕಮಲಗಳು ಅರಳಿವೆ. ಶಿಲ್ಪಿಯು ದನಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಅವನ್ನು ಕೆತ್ತಿದನೆಂದು ಹೇಳುವ ಧೈರ್ಯ ನಮಗಿಲ್ಲ. ಆದರೆ ನಾಲ್ಕೈದು ಅಂಗುಲ ಏರಿಳಿತವಿರುವ ಮೈಗೆ ಬಡಿದ ತಾರಸ್ಥಾಯಿಯ ದನಿ ಕನ್ನಡಿಗೆ ಬಡಿದ ಬೆಳಕಿನಂತೆ ಒಂದೇ ದಿಕ್ಕಿಗೆ ಮರಳದೆ ಚೆದುರುತ್ತದೆ. ಚಪ್ಪಟೆ ಛಾವಣಿಗೂ ಚಪ್ಪಟೆ ನೆಲಕ್ಕೂ ನಡುವೆ ಕೈ ತಟ್ಟಿದರೆ ಕೇಳಿಬರುವ 'ಟರ್‌ರ್' ಎಂಬ ಸದ್ದು ಅಂಥಲ್ಲಿ ಹುಟ್ಟುವುದಿಲ್ಲ.

ಇದಕ್ಕೆ ವಿರುದ್ಧವಾದ ಪಾಠವನ್ನು ಕಲಿಸುವುದು ವಿಜಯಪುರದ ಗೋಳಗುಮ್ಮಟ. 1656ರಲ್ಲಿ ತೀರಿಕೊಂಡ ಮಹಮ್ಮದ ಆದಿಲಶಾಹನ ಆ ಸಮಾಧಿಯ ಗುಮ್ಮಟದ ಹೊರವ್ಯಾಸ 144 ಅಡಿ. ಶಾಲೆಯ ಪ್ರವಾಸದಲ್ಲಿ ಅಲ್ಲಿ ಕೂಗದೆ ಬಂದ ಮಕ್ಕಳಿಲ್ಲ. ಕೂಗಿದ್ದು ಮತ್ತೆ ಮತ್ತೆ ಮರಳುತ್ತದೆ. ಒಂದು ಬದಿಯಲ್ಲಿ ಪಿಸುಗುಟ್ಟಿದ್ದು ಗೋಡೆಗುಂಟ ಹರಿದು ಎದುರು ಬದಿಗೆ ಕೇಳಿಸುತ್ತದೆ. ಸರ್ ಸಿ. ವಿ. ರಾಮನ್ ಅವರೇ 1920ರ ದಶಕದ ಆರಂಭದಲ್ಲಿ ಇಂಥ ಪಿಸುಮಾತಿನ ಗ್ಯಾಲರಿಗಳನ್ನು ಅಭ್ಯಾಸ ಮಾಡಿ ಪ್ರಬಂಧ ಬರೆದರು. ವಿಸ್ಮಯಕ್ಕೆ ಅದು ಸರಿ. ಆದರೆ ಆ ಗುಮ್ಮಟದಡಿ ಪ್ರವಚನ ಹೇಳಿ ನೋಡಿರಿ, ಒಂದು ವಾಕ್ಯವೂ ದಕ್ಕದು. ಒಳಬಾಗಿದ ಮೈ ದನಿಯನ್ನು ಒಂದೆಡೆ ಕೂಡಿಸುತ್ತದೆ, ಉಳಿದೆಡೆ ಕೆಡಿಸುತ್ತದೆ.

ಇದನ್ನು ಇಲ್ಲಿ ವಿಸ್ತರಿಸಲು ಕಾರಣ, ಕೆಲಸಕ್ಕೆ ಬಂದ ಬಡಿಗೇರರು ಮೊದಲ ದಿನವೇ, "ಯಜಮಾನರ, ನಡುಕ ಒಂದು ಗುಮ್ಮಟಾ ಮಾಡಿ ಲೈಟ್ ಹಾಕೂಣ್ರಿ, ಬಂದವರು ನೋಡಿ ಹೌದೌದು ಅನಬೇಕು" ಎಂದರು. ಈಗ ಪೇಟೆಯ ತುಂಬ ಅದೇ ರೂಢಿ: ಪೀಓಪೀ ಗುಮ್ಮಟ, ಸುತ್ತ ಬಣ್ಣದ ದೀಪ. ಪೀಓಪೀ ಹಾಕಿದರೆ ದನಿ ಚೆನ್ನಾಗುತ್ತದೆಂಬ ನಂಬಿಕೆಯೂ ಬಹಳ ಜನರಲ್ಲಿದೆ. ಅದು ನಿಜವಲ್ಲ. ನುಣುಪಾದ ಪೀಓಪೀ ಮೈ ಗೋಡೆಯ ಗಿಲಾವಿನಂತೆಯೇ ದನಿಯನ್ನು ಮರಳಿಸುತ್ತದೆ. ಬಡಿಗೇರರನ್ನು ಕೂಡ್ರಿಸಿಕೊಂಡು ಗೋಳಗುಮ್ಮಟದ ಕತೆ ಹೇಳಿದೆವು. ಅವರೂ ಚಿಕ್ಕಂದಿನಲ್ಲಿ ಅಲ್ಲಿ ಕೂಗಿ ಬಂದವರೇ ಆದ್ದರಿಂದ ನಕ್ಕು ಒಪ್ಪಿಕೊಂಡರು.

ನಾವು ಮಾಡಿಸಿದ್ದು ಇಷ್ಟು. ಛಾವಣಿಯ ಎರಡು ಅಡ್ಡ ತೊಲೆಗಳಿಂದ ಕೋಣೆ ಮೂರು ಖಣಗಳಾಗಿದೆ. ಆ ಸಾಗವಾನಿ ತೊಲೆಗಳಿಗೆ ಕೈ ಹಚ್ಚಲಿಲ್ಲ. ದನಿಯನ್ನು ಚೆದುರಿಸುವ ಕೆಲಸಕ್ಕೆ ಅವೇ ಸಾಕು. ಒಂದೊಂದು ಖಣದಲ್ಲಿ ಐದರಂತೆ ಎರಡಡಿ ನಾಲ್ಕಡಿಯ ಹದಿನೈದು ಕಟ್ಟಿಗೆಯ ಚೌಕಟ್ಟು, ಅವುಗಳಲ್ಲಿ ಎರಡಂಗುಲ ದಪ್ಪದ ಕಲ್ಲುಣ್ಣೆ, ಅಂದರೆ ಪೇಟೆಯಲ್ಲಿ ರಾಕ್‌ವೂಲ್ ಎಂದು ಸಿಗುವ ಹಲಗೆ. ಘನಮೀಟರಿಗೆ 48 ಕಿಲೋ ತೂಕದ್ದು. ಚೌಕಟ್ಟುಗಳನ್ನು ಮೇಲಿನ ಕಲ್ಲಿಗೆ ಅಂಟಿಸದೆ ನಾಲ್ಕಂಗುಲ ಬಯಲು ಬಿಟ್ಟು ಜೋಲಿಸಿದೆವು. ಈ ಬಯಲು ದುಡ್ಡಿಲ್ಲದೆ ಸಿಗುವ ಲಾಭ: ಗಟ್ಟಿ ಮೈಗೆ ಅಂಟಿದಲ್ಲಿ ಗಾಳಿಯ ಅಲುಗಾಟ ಇರುವುದಿಲ್ಲ, ಸ್ವಲ್ಪ ದೂರ ಸರಿದಷ್ಟೂ ಅದು ಹೆಚ್ಚುತ್ತದೆ, ಉಣ್ಣೆಯ ಎಳೆಗಳು ಅಲುಗುವ ಗಾಳಿಯನ್ನೇ ಹಿಡಿದು ದನಿಯನ್ನು ಅಡಗಿಸುತ್ತವೆ. ಆದ್ದರಿಂದ ಅದೇ ಎರಡಂಗುಲದ ಹಲಗೆ ಇನ್ನೂ ತಗ್ಗಿನ ಸ್ಥಾಯಿಯ ದನಿಯನ್ನೂ ಹೀರಬಲ್ಲದು. ಚೌಕಟ್ಟುಗಳು ತೊಲೆಗಳ ಆಳದಲ್ಲಿಯೇ ಅಡಗಿದ್ದರಿಂದ ಕೋಣೆಯ ಎತ್ತರವೂ ಕುಂದಲಿಲ್ಲ.

ಊರು ಅರಳೆಯ ಊರು. ಅರಳೆಯನ್ನೇ ಏಕೆ ತುಂಬಲಿಲ್ಲವೆಂದು ಬಂದವರೆಲ್ಲ ಕೇಳುತ್ತಾರೆ. ದನಿಯನ್ನು ಹೀರುವುದರಲ್ಲಿ ಅರಳೆ ಏನೂ ಕಡಿಮೆಯಲ್ಲ. ಆದರೆ ನೆಲದಡಿಯ ಕೋಣೆ, ಮೇಲೆ ಅಡುಗೆಮನೆ, ನಡುವೆ ವಿದ್ಯುತ್ತಿನ ತಂತಿ. ಅರಳೆ ಕಿಡಿ ಬಿದ್ದರೆ ಹೊತ್ತುತ್ತದೆ, ತಂಪಾದರೆ ಮುಗ್ಗುತ್ತದೆ, ಇಲಿಗೆ ಗೂಡಾಗುತ್ತದೆ. ಕಲ್ಲುಣ್ಣೆ ಬೆಂಕಿಗೆ ಹೊತ್ತುವುದಿಲ್ಲ. ಇನ್ನು ತತ್ತಿಯ ಟ್ರೇ, ಥರ್ಮೋಕೋಲುಗಳನ್ನು ಛಾವಣಿಗೆ ಅಂಟಿಸುವವರೂ ಇದ್ದಾರೆ. ಅವು ಮಾತಿನ ದನಿಯನ್ನು ಹೇಳಿಕೊಳ್ಳುವಷ್ಟು ಹೀರುವುದಿಲ್ಲ. ಥರ್ಮೋಕೋಲು ಹೊತ್ತಿದರಂತೂ ಒಂದೇ ಬಾಗಿಲಿನ ನೆಲಮನೆಯಲ್ಲಿ ಅದರ ಹೊಗೆಯೇ ಪ್ರಾಣಕ್ಕೆ ಎರವಾದೀತು. ಇದನ್ನು ಯಾರೂ ಹಗುರಾಗಿ ತೆಗೆದುಕೊಳ್ಳಬಾರದೆಂದು ಓದುಗ ಬಂಧುಗಳಲ್ಲಿ ನಮ್ಮ ವಿನಂತಿ. ಕಲ್ಲುಣ್ಣೆಯನ್ನು ಕತ್ತರಿಸುವಾಗ ಮಾತ್ರ ಕೈಚೀಲ, ಮೂಗುಬಟ್ಟೆ ಬೇಕು. ಅದರ ಎಳೆ ಮೈಗೆ ತಾಗಿದರೆ ತುರಿಕೆ ಬಿಡುವುದಿಲ್ಲ.

ಚೌಕಟ್ಟಿಗೆ ಹೊದಿಸುವ ಬಟ್ಟೆಯನ್ನು ರಾಮದುರ್ಗದಿಂದ ತಂದೆವು. ರಾಮದುರ್ಗ, ಸುರೇಬಾನಗಳ ಕಡೆ ನೇಕಾರಿಕೆ ಹಳೆಯ ಕಸುಬು. ಬಟ್ಟೆ ಆರಿಸುವ ಪರೀಕ್ಷೆ ಬಲು ಸರಳ: ಬಾಯಿಗೆ ಹಿಡಿದು ಊದಬೇಕು. ಉಸಿರು ಸಲೀಸಾಗಿ ದಾಟಿದರೆ ದನಿಯೂ ದಾಟುತ್ತದೆ. ಅಂಗಡಿಯಲ್ಲಿ ಒಂದೊಂದೇ ಥಾನು ಬಿಚ್ಚಿಸಿ ನಾವು ಊದುತ್ತಿದ್ದುದನ್ನು ಕಂಡು ಅಂಗಡಿಯವರಿಗೆ ನಗು ತಡೆಯದಾಯಿತು. ಕೊನೆಗೆ ಬೂದುಬಣ್ಣದ ಸಡಿಲ ನೇಯ್ಗೆಯ ಹತ್ತಿಬಟ್ಟೆ ಒಪ್ಪಿಗೆಯಾಯಿತು.

ಹದಿನೈದು ಚೌಕಟ್ಟೆಂದರೆ 120 ಚದರಡಿ. ಛಾವಣಿ ಇರುವುದು 216. ಉಳಿದ 96 ಚದರಡಿ ಕಲ್ಲನ್ನು ಬೇಕೆಂದೇ ಬರಿದಾಗಿ ಬಿಟ್ಟೆವು. ಎಲ್ಲವನ್ನೂ ಮುಚ್ಚಿದರೆ ಕೋಣೆ ಸತ್ತಂತಾಗುತ್ತದೆ. ತಂಬೂರಿಯ ಝೇಂಕಾರಕ್ಕೆ ಒಂದಿಷ್ಟು ಗಟ್ಟಿ ಮೈ ಬೇಕು. ಯಾವ ಭಾಗವನ್ನು ಮುಚ್ಚಬೇಕೆಂಬುದಕ್ಕೆ ಕನ್ನಡಿಯ ಉಪಾಯವಿದೆ. ಅಪ್ಪನವರನ್ನು ಅವರ ಗಾದಿಯ ಮೇಲೆ ಕೂಡ್ರಿಸಿ, ಮಗನು ಏಣಿ ಹತ್ತಿ ಛಾವಣಿಗುಂಟ ಒಂದು ಕನ್ನಡಿಯನ್ನು ಸರಿಸುತ್ತ ಹೋದನು. ಕುಳಿತವರಿಗೆ ಕನ್ನಡಿಯಲ್ಲಿ ಧ್ವನಿಪೆಟ್ಟಿಗೆ ಎಲ್ಲಿ ಕಾಣುತ್ತದೋ ಅಲ್ಲಿಯೇ ದನಿಯೂ ಬಡಿದು ಅವರತ್ತ ಮರಳುತ್ತದೆ. ಅಲ್ಲಿ ಸುಣ್ಣದ ಗುರುತು. ನಮ್ಮ ಜನ ನೆಲದ ಮೇಲೆ ಕೂಡುವವರು. ಕಿವಿ ನೆಲದಿಂದ ಎರಡೂವರೆ ಅಡಿಯ ಮೇಲಿರುತ್ತದೆ, ಧ್ವನಿಪೆಟ್ಟಿಗೆಯನ್ನೂ ಅದೇ ಎತ್ತರಕ್ಕಿಟ್ಟಿದ್ದೇವೆ. ಎಂಟಡಿ ದೂರದಿಂದ ನೇರವಾಗಿ ಬಂದ ದನಿಗಿಂತ ಛಾವಣಿಗೆ ಬಡಿದು ಬಂದದ್ದು ಏಳಡಿಗೂ ಹೆಚ್ಚು ದಾರಿ ನಡೆಯುತ್ತದೆ. ಸೆಕೆಂಡಿನ ಸಾವಿರದ ಆರೇಳು ಪಾಲು ತಡ. ಅಷ್ಟು ಸ್ವಲ್ಪ ತಡವಾದದ್ದು ಬೇರೆ ದನಿಯಾಗಿ ಕೇಳಿಸುವುದಿಲ್ಲ, ಮೂಲದೊಡನೆ ಬೆರೆತು ಅದರ ಅಂಚನ್ನು ಮಸುಕು ಮಾಡುತ್ತದೆ.

ಮೇಲಿನ ಸದ್ದು ಕೆಳಗಿಳಿಯುವುದು ಇನ್ನೊಂದು ತೊಡಕು. ಇದಕ್ಕೂ ಹೀರುವ ಹಲಗೆಗಳಿಗೂ ಸಂಬಂಧವಿಲ್ಲವೆಂಬುದನ್ನು ತಿಳಿದಿರಬೇಕು. ಕೋಣೆಯೊಳಗಿನ ಅನುರಣನಕ್ಕೆ ಮೆತ್ತನೆಯ ವಸ್ತು ಮದ್ದಾದರೆ, ಹೊರಗಿನ ಸದ್ದಿಗೆ ಭಾರ, ಬಿರುಕಿಲ್ಲದ ಮೈ, ಎರಡು ಮೈಗಳ ನಡುವೆ ಅಂತರ ಇವೇ ಮದ್ದು. ಹೊಸದಾಗಿ ಕಟ್ಟಿಸುವವರು ಸ್ಲ್ಯಾಬಿಗೆ ತಾಗದಂತೆ ರಬ್ಬರಿನ ಕೊಂಡಿಗಳಿಂದ ಎರಡು ಪದರ ಜಿಪ್ಸಮ್ ಹಲಗೆ ಜೋಲಿಸಿ, ನಡುವೆ ಉಣ್ಣೆ ತುಂಬಿ, ಅಂಚುಗಳನ್ನು ಮುಚ್ಚಿಸಬಹುದು. ನಮ್ಮ ಹಳೆಯ ತೊಲೆಗಳಿಗೆ ಆ ಭಾರ ಹೊರಿಸಬಾರದೆಂದು ಇಂಜಿನಿಯರರು ಹೇಳಿದ್ದರಿಂದ ಮೇಲಿನಿಂದಲೇ ಉಪಾಯ ಮಾಡಿದೆವು. ಹೆಜ್ಜೆಯ ಸದ್ದನ್ನು ಹೆಜ್ಜೆ ಬೀಳುವಲ್ಲಿಯೇ ತಡೆಯುವುದು ಸುಲಭ. ಪಡಸಾಲೆಗೆ ರಬ್ಬರಿನ ಹಾಸು, ಅದರ ಮೇಲೆ ನವಲಗುಂದದ ಜಮಖಾನೆ. ಮಿಕ್ಸರಿನ ಕಾಲಡಿಗೆ ದಪ್ಪ ರಬ್ಬರು. ಕಲ್ಲಿನ ಸಂದುಗಳಿಗೆ ಸುಣ್ಣದ ಗಾರೆ. ದೀಪಗಳಿಗಾಗಿ ಛಾವಣಿಯಲ್ಲಿ ತೂತು ಕೊರೆಯಿಸದೆ ತೊಲೆಯ ಬದಿಗೆ ಕೂಡ್ರಿಸಿದೆವು. ಚಟ್ನಿ ರುಬ್ಬುವ ಸದ್ದು ಪೂರ್ತಿ ನಿಂತಿತೆಂದು ಹೇಳಲಾರೆವು. ಮನೆಯ ಹೆಣ್ಣುಮಕ್ಕಳು ವಚನ ಕೇಳುವ ವೇಳೆಯಲ್ಲಿ ತಾವೂ ಕೆಳಗೆ ಬಂದು ಕುಳಿತರೆ ಅದೂ ನಿಲ್ಲುತ್ತದೆ. ಇದು ಎಲ್ಲಕ್ಕಿಂತ ಒಳ್ಳೆಯ ಉಪಾಯವೆಂದು ಅತ್ತೆಯವರು ತೀರ್ಪು ಕೊಟ್ಟಿದ್ದಾರೆ, ಅದರಂತೆಯೇ ನಡೆದಿದೆ.

ಉಳಿದದ್ದು ಡಗ್ಗಾದ ಗುಂಯ್ಗಾರ. ಸೆಕೆಂಡಿಗೆ 1130 ಅಡಿಯಷ್ಟು ಓಡುವ ದನಿ ಒಂಬತ್ತಡಿ ಎತ್ತರದ ನೆಲ ಛಾವಣಿಗಳ ನಡುವೆ ಸೆಕೆಂಡಿಗೆ 63 ಕಂಪನದ ಸ್ವರವನ್ನು ಉಬ್ಬಿಸುತ್ತದೆ. ಉದ್ದ ಎತ್ತರದ ಇಮ್ಮಡಿ ಇರುವುದರಿಂದ ಉದ್ದದ ಎರಡನೆಯ ಕಂಪನವೂ ಅದೇ ಸ್ವರಕ್ಕೆ ಬಂದು ಕೂಡುತ್ತದೆ. ಎರಡಂಗುಲದ ಉಣ್ಣೆಗೆ ಅದನ್ನು ಹೀರುವ ಶಕ್ತಿಯಿಲ್ಲ. ಹಿಂದಿನ ಎರಡು ಮೂಲೆಗಳಲ್ಲಿ ನೆಲದಿಂದ ಛಾವಣಿಯವರೆಗೆ ಅಡಿಗಿಂತ ದಪ್ಪ ಉಣ್ಣೆಯ ಕಂಬ ನಿಲ್ಲಿಸಿ, ಧ್ವನಿಪೆಟ್ಟಿಗೆಗಳನ್ನು ಮೂಲೆಯಿಂದ ಈಚೆ ಸರಿಸಿದ ಮೇಲೆ ಬಹಳಷ್ಟು ತಗ್ಗಿದೆ, ಪೂರ್ತಿ ಹೋಗಿಲ್ಲ. ಹೊಸ ಕೋಣೆ ಕಟ್ಟಿಸುವವರು ಉದ್ದ, ಅಗಲ, ಎತ್ತರಗಳು ಒಂದಕ್ಕೊಂದು ಇಮ್ಮಡಿ ಮುಮ್ಮಡಿಯಾಗದಂತೆ ಮೊದಲೇ ನೋಡಿಕೊಂಡರೆ ಈ ಕಂಬಗಳ ಖರ್ಚು ಅರ್ಧ ಉಳಿದೀತು.

ಕೆಲಸಕ್ಕೆ ಮುಂಚೆ ಒಂದು ಪರೀಕ್ಷೆ ಮಾಡಿದ್ದೆವು. ಮಗಳು ಅಪ್ಪನವರಿಗೆ ಬೆನ್ನು ತಿರುಗಿಸಿ ನಿಂತು, ಒಂದೇ ಅಕ್ಷರದಲ್ಲಿ ಭೇದವಿರುವ ಹತ್ತು ಶಬ್ದ ಓದಿದಳು: ಕರು, ತರು, ಗಿರಿ, ಸಿರಿ ಇತ್ಯಾದಿ. ಯಂತ್ರ ಹಾಕಿಕೊಂಡೂ ಅವರು ಸರಿಯಾಗಿ ಬರೆದದ್ದು ಐದು. ಚೌಕಟ್ಟು ಏರಿದ ಮರುದಿನ ಬೇರೆ ಹತ್ತು ಶಬ್ದ; ಎಂಟು ಸರಿ. ಹಳೆಯ ಮಾಸ್ತರರಲ್ಲವೇ, ತಪ್ಪಿದ ಎರಡಕ್ಕೆ ಓದಿದವಳ ಉಚ್ಚಾರವೇ ಕಾರಣವೆಂದು ವಾದಿಸಿದರು. ಆ ಸಂಜೆ ಮನಸೂರರ ಕ್ಯಾಸೆಟ್ಟನ್ನು ಹಚ್ಚಿದೆವು. ಮೊದಲ ವಚನ ಮುಗಿಯುವವರೆಗೆ ಅಪ್ಪನವರು ತಲೆದೂಗಲೇ ಇಲ್ಲ. ಕಣ್ಣು ಮುಚ್ಚಿ ಅಲುಗದೆ ಕುಳಿತಿದ್ದರು. ತಿಳಿಯಲಿಲ್ಲವೇನೋ ಎಂದು ನಮಗೆ ಅಂಜಿಕೆ. ಮುಗಿದೊಡನೆ ಮೊಮ್ಮಗನ ಕಡೆ ತಿರುಗಿ, "ನೀ ಬಯಕಿ ಅಂತ ಹಾಡತಿದ್ದೆಲ್ಲಪಾ, ಅದು ಬಯಕಿ ಅಲ್ಲ, ಬಯಲು. ಇನ್ನೊಮ್ಮೆ ಹಚ್ಚು" ಎಂದರು. ಹುಡುಗ ವರ್ಷಗಟ್ಟಲೆ ಆ ಶಬ್ದವನ್ನು ತಪ್ಪಾಗಿ ಹಾಡುತ್ತ ಬಂದಿದ್ದ. ನಾವು ಯಾರೂ ಗಮನಿಸಿರಲಿಲ್ಲ. ಮೂರು ಸಲ ಹಚ್ಚಿಸಿಕೊಂಡರು. ಯಂತ್ರ ಮರಳಿ ಡಬ್ಬಿ ಸೇರಲಿಲ್ಲ.

ಕಳೆದ ಮಳೆಗಾಲದಲ್ಲಿ ಮೂಲೆಯ ಒಂದು ಚೌಕಟ್ಟಿನ ಬಟ್ಟೆಯ ಮೇಲೆ ರೂಪಾಯಿಯಗಲದ ಕಲೆ ಕಂಡಿತು. ಚೌಕಟ್ಟುಗಳನ್ನು ಅಂಟಿಸದೆ ಸ್ಕ್ರೂಗಳಿಂದ ಕೂಡ್ರಿಸಿದ್ದರಿಂದ ನಾಲ್ಕು ಸ್ಕ್ರೂ ಬಿಚ್ಚಿ ಇಳಿಸಿ ನೋಡಿದೆವು. ಅಡುಗೆಮನೆಯ ಬಚ್ಚಲು ಕೊಳವೆಯ ಸಂದಿನಲ್ಲಿ ಹನಿ ಜಿನುಗುತ್ತಿತ್ತು. ಕೊಳವೆ ದುರಸ್ತಿ ಮಾಡಿಸಿ, ಉಣ್ಣೆಯನ್ನು ಎರಡು ದಿನ ಬಿಸಿಲಿಗಿಟ್ಟು, ಬಟ್ಟೆಯೊಂದನ್ನೇ ಬದಲಿಸಿ ಮತ್ತೆ ಏರಿಸಿದೆವು. ಉಳಿದ ಹದಿನಾಲ್ಕೂ ಕಟ್ಟಿದಂತೆಯೇ ಇವೆ.